ಮೂರನೆಯ ಗುಂಡಿ

ಪೆನ್ಸಿಲ್ ಟ್ಯಾಮ್ಸಿನ್ ಕೈಯಲ್ಲಿತ್ತು. ಅವಳು ಅದರ ತುದಿಯ ರಬ್ಬರನ್ನು ಕೆಳತುಟಿಗೆ ತಟ್ಟಿಕೊಳ್ಳುತ್ತ ಪಟ್ಟಿಯ ಮೇಲೆ ಕಣ್ಣಾಡಿಸುತ್ತಿದ್ದಳು. ಲೋರ್ನ್ ಹಾಸ್ಕೆಟ್ ಆ ರಬ್ಬರನ್ನೇ ನೋಡುತ್ತ ಕೂತಿದ್ದ. ಐವತ್ತನಾಲ್ಕು ವರ್ಷದವನು, ಮೂವತ್ತು ಚಳಿಗಾಲ ಇದೇ ಗುಡ್ಡಗಳಲ್ಲಿ ಜನರನ್ನು ಸ್ಕೀ ಮೇಲೆ ಹತ್ತಿಸಿ ಇಳಿಸಿದ ಗೈಡು, ಒಂದು ಚೂರು ರಬ್ಬರನ್ನು ಕಂಡರೆ ಹೆದರುತ್ತೇನೆ ಎಂದು ಯಾರಿಗೆ ಹೇಳಿಕೊಳ್ಳುವುದು? ಅವನ ಮುಂದೆ ಓಟ್ಸ್ ಗಂಜಿ ಕೆನೆಗಟ್ಟಿ ತಣ್ಣಗಾಗಿತ್ತು. ಮೇಲಿನ ಅಟ್ಟದಲ್ಲಿ ಅತಿಥಿಗಳು ಎದ್ದು ಓಡಾಡುವ ಸದ್ದು, ಅಡುಗೆಮನೆಯಲ್ಲಿ ಡೋರೀನ್ ಬಾಣಲೆ ಎಳೆದ ಸದ್ದು. ದಿನಾ ಬೆಳಗ್ಗೆ ಆರೂವರೆಗೆ, ಅತಿಥಿಗಳು ತಿಂಡಿಗೆ ಇಳಿದು ಬರುವ ಮೊದಲು, ಲಾಡ್ಜಿನ ಇಬ್ಬರು ಗೈಡುಗಳು ಹೀಗೆ ಮೇಜಿನ ಎದುರುಬದುರು ಕೂತು ಸುತ್ತಲಿನ ಮೂವತ್ತೊಂದು ಇಳಿಜಾರುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾರೆ. ಹಿಮ ಕುಸಿಯಲಾರದು ಎಂದು ಇಬ್ಬರೂ ಸರಿ ಎಂದರೆ ಒಂದು ಗೀಟು, ಇವತ್ತು ಅಲ್ಲಿಗೆ ಹೋಗಬಹುದು. ಒಬ್ಬರು ಬೇಡ ಎಂದರೂ ಅಡ್ಡಗೀಟು, ಪಕ್ಕದಲ್ಲಿ ಬೇಡ ಎಂದವರ ಹೆಸರಿನ ಮೊದಲಕ್ಷರ, ಅಲ್ಲಿಗೆ ಮುಗಿಯಿತು. ಬೆಳಗ್ಗೆ ಮುಚ್ಚಿದ್ದನ್ನು ಗುಡ್ಡದ ಮೇಲೆ ಹೋಗಿ ತೆರೆಯುವಂತಿಲ್ಲ. ತೆರೆದದ್ದನ್ನು ಯಾವ ಗಳಿಗೆಯಲ್ಲಾದರೂ ಮುಚ್ಚಬಹುದು. ಬೇಡ ಎಂದವರನ್ನು ಯಾಕೆ ಎಂದು ಮಾತ್ರ ಕೇಳುವಂತಿಲ್ಲ. ಇದು ಎಲ್ಲೂ ಬರೆದಿಟ್ಟ ಕಾನೂನಲ್ಲ. ಆದರೂ ಯಾವ ಲಾಡ್ಜಿನಲ್ಲೂ ಯಾರೂ ಇದನ್ನು ಮೀರುವುದಿಲ್ಲ, ಮೀರಿದ್ದು ತನಗೆ ಗೊತ್ತಿರುವಂತೆ ಒಂದೇ ಸಲ ಎಂದು ಲೋರ್ನ್ ನೆನೆದ. ನೆನೆದ ಎನ್ನುವುದೂ ತಪ್ಪು, ಮರೆತಿದ್ದರೆ ತಾನೆ ನೆನೆಯುವುದು.

"ಏಪ್ರನ್?" ಎಂದಳು ಟ್ಯಾಮ್ಸಿನ್. ಲಾಡ್ಜಿನ ಕಿಟಕಿಗೆ ನೇರ ಎದುರಿಗಿರುವ ಇಳಿಜಾರು ಅದು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿ, ಅಡುಗೆಯವಳು ಸೊಂಟಕ್ಕೆ ಕಟ್ಟಿಕೊಂಡ ಏಪ್ರನ್ನಿನಂತೆ ಕಾಣುತ್ತದೆ. ಇಡೀ ಕಣಿವೆಯಲ್ಲಿ ಅಷ್ಟು ಚಂದದ ಇಳಿಜಾರು ಇನ್ನೊಂದಿಲ್ಲ. ನಾಲ್ಕು ವರ್ಷಗಳಿಂದ, ಲೋರ್ನ್ ಕೆಲಸದ ಮೇಲಿದ್ದ ವಾರಗಳಲ್ಲಿ ಅದು ಒಂದು ದಿನವೂ ತೆರೆದಿರಲಿಲ್ಲ. ಬೇರೆ ಗೈಡುಗಳಿದ್ದ ವಾರಗಳಲ್ಲಿ ಜನ ಅಲ್ಲಿ ಕೂಗಾಡಿಕೊಂಡು ಇಳಿದು ಬಂದು, ಸುಖವಾಗಿ ಸೂಪು ಕುಡಿದಿದ್ದರು. ಲಾಡ್ಜಿನ ಮಾಲೀಕ ಭಾನುವಾರ ಫೋನಿನಲ್ಲಿ ತುಂಬ ಮರ್ಯಾದೆಯಿಂದಲೇ ಹೇಳಿದ್ದ: ನೋಡು ಲೋರ್ನ್, ವರ್ನ್‌ಗೆ ಆಗಿದ್ದು ನಮಗೆಲ್ಲ ನೋವೇ, ಆದ್ರೆ ಜನ ನೀನಿರೋ ವಾರ ಯಾವುದು ಅಂತ ಕೇಳ್ಕೊಂಡು ಬೇರೆ ವಾರ ಬರ್ತಿದಾರೆ. ಆ ಮರ್ಯಾದೆಗೆ ಲೋರ್ನ್‌ನ ಕಿವಿ ಇನ್ನೂ ಬಿಸಿಯಾಗಿತ್ತು.

"ನಂದು ಸರಿ," ಎಂದು ಟ್ಯಾಮ್ಸಿನ್ ಕಾದಳು. ಮೂವತ್ತೊಂದು ವರ್ಷದ ಹುಡುಗಿ. ಕಾಯುವಾಗ ಎದುರಿನವರ ಮುಖ ನೋಡುವುದಿಲ್ಲ, ಅದು ಅವಳ ದೊಡ್ಡ ಗುಣ.

"ಸರಿ," ಎಂದ ಲೋರ್ನ್. "ಅಲ್ಲಿ ಹೋಗಿ ಹಿಮ ಅಗೆದು ನೋಡೋಣ."

ಪೆನ್ಸಿಲ್ ಕಾಗದದ ಮೇಲೆ ಗೀಟು ಎಳೆಯಿತು. ನಾಲ್ಕು ವರ್ಷದ ಹಿಂದಿನ ಫೆಬ್ರವರಿ ಹದಿಮೂರರಂದು ಇದೇ ಮೇಜಿನ ಮೇಲೆ, ಇದೇ ಜಾಗದಲ್ಲಿ, ಆಗ ಅವನ ಜೊತೆ ಗೈಡಾಗಿದ್ದ ವರ್ನ್ ಟಾಲಿವರ್ ಅಡ್ಡಗೀಟು ಎಳೆದಿದ್ದ. ವಕ್ರವಾಗಿ ಎಳೆದು, ಪಕ್ಕದಲ್ಲಿ ತನ್ನ ಅಕ್ಷರ ಬರೆದು, "ಏಪ್ರನ್ ಬೇಡ ಕಣೋ ಇವತ್ತು" ಎಂದು ಕಾಫಿಗೆ ಸಕ್ಕರೆ ಹಾಕಿಕೊಂಡಿದ್ದ. ಮೂರು ದಿನ ಬಿರುಗಾಳಿಗೆ ಒಳಗೇ ಕೂತು ಇಸ್ಪೀಟಾಡಿ ಬೇಸತ್ತಿದ್ದ ಅತಿಥಿಗಳು, ಅವತ್ತು ತೆರೆದ ನೀಲಿ ಆಕಾಶ, ಹಿಂದಿನ ಸಂಜೆ ಗಾಳಿ ಇಳಿದಾಗ ತಾನೇ ಅಗೆದು ಗಟ್ಟಿಯೆಂದುಕೊಂಡ ಹಿಮದ ಗುಂಡಿ, ಎಲ್ಲ ಒಟ್ಟಿಗೆ ಲೋರ್ನ್‌ನ ಬಾಯಿಗೆ ಬಂದು ಒಂದೇ ಒಂದು ಮಾತಾಗಿತ್ತು. "ಯಾಕೆ?" ಸಿಟ್ಟಿನಿಂದ ಕೇಳಿದ್ದೂ ಅಲ್ಲ. ಉಪ್ಪು ಕೊಡು ಎಂದಷ್ಟು ಸಲೀಸಾಗಿ ಕೇಳಿದ್ದ. ವರ್ನ್ ಚಮಚ ಆಡಿಸುವುದನ್ನು ನಿಲ್ಲಿಸಿ ಕಿಟಕಿಯಾಚೆ ನೋಡಿದ, ಕಾರಣ ಹುಡುಕಿದ, ಸಿಗಲಿಲ್ಲ. ಅವನ ಕೆನ್ನೆ ನಿಧಾನಕ್ಕೆ ಕೆಂಪಾಯಿತು. "ಗೊತ್ತಿಲ್ಲ ಮಾರಾಯ. ಇರ್ಲಿ ಬಿಡು, ಹೋಗೋಣ." ಪೆನ್ಸಿಲ್ ಲೋರ್ನ್‌ನ ಹತ್ತಿರ ಇತ್ತು. ಅವನೇ ಉಜ್ಜಿದ್ದ. ರಬ್ಬರಿನ ಪುಡಿಯನ್ನು ಅಂಗೈಯಂಚಿನಿಂದ ನೆಲಕ್ಕೆ ಗುಡಿಸಿದ್ದ. ಮೇಲೆ ಗೀಟು ಎಳೆದಿದ್ದ. ಅವತ್ತೇ ಏಪ್ರನ್ ಕುಸಿದು ವರ್ನ್‌ನನ್ನು ಹೂತುಹಾಕಿತು. ಆಮೇಲೆ ವಿಚಾರಣೆಗೆ ಬಂದವರು ಆ ಕಾಗದ ನೋಡಿ, ಇಬ್ಬರೂ ಒಪ್ಪಿದ್ದರು ಎಂದು ಬರೆದುಕೊಂಡು ಹೋದರು.

ಏಳು ಗಂಟೆಗೆ ರೇಡಿಯೊ ಗರಗರ ಎಂದಿತು. ಕೆಳಗಿನ ಪೇಟೆಯ ಕಚೇರಿಯಿಂದ ದಿನಕ್ಕೆ ಎರಡು ಸಲ, ಬೆಳಗ್ಗೆ ಏಳಕ್ಕೆ ಸಂಜೆ ಐದಕ್ಕೆ, ಕಣಿವೆಯ ನಾಲ್ಕೂ ಲಾಡ್ಜುಗಳನ್ನು ಸರದಿಯ ಮೇಲೆ ಕರೆದು, ಪಟ್ಟಿ ಕೇಳಿ ಬರೆದುಕೊಂಡು, ಬರೆದದ್ದನ್ನು ತಿರುಗಿ ಓದಿ ಹೇಳುವುದು ಈಗ ವರ್ನ್‌ನ ಕೆಲಸ. ಅವನ ಬಲಗೈ ನಡುಗುತ್ತದೆ, ಬರೆಯುವುದು ತಡ. ಅವನು ಬರೆಯುತ್ತಿರುವಷ್ಟು ಹೊತ್ತು ನಾಲ್ಕು ಲಾಡ್ಜುಗಳೂ ತುಟಿಪಿಟಕ್ಕೆನ್ನದೆ ಕಾಯುತ್ತವೆ. ಈ ಒಂದು ಕೆಲಸದಲ್ಲಿ ಆ ಕಣಿವೆಯ ಗೈಡುಗಳಿಗೆ ಇರುವ ತಾಳ್ಮೆ ಬೇರೆ ಯಾವುದರಲ್ಲೂ ಇಲ್ಲ.

"ಏಪ್ರನ್, ತೆರೆದಿದೆ," ಎಂದು ಲೋರ್ನ್ ರೇಡಿಯೊದ ಗುಂಡಿ ಒತ್ತಿ ಓದಿದ. ಗುಂಡಿ ಬಿಟ್ಟ. ಒತ್ತಿ ಹಿಡಿದಿದ್ದರೆ ತನ್ನ ಮಾತು ಹೋಗುತ್ತದೆ, ಬಿಟ್ಟರೆ ಇನ್ನೊಬ್ಬರ ಮಾತು ಬರುತ್ತದೆ, ಎರಡೂ ಒಟ್ಟಿಗೆ ಆಗದ ಯಂತ್ರ ಅದು.

"ಏನಂದೆ? ಏಪ್ರನ್ನಾ? ಅರೆರೆ, ಸೂರ್ಯ ಯಾವ ಕಡೆ ಹುಟ್ಟಿದಾನೋ ಇವತ್ತು!" ವರ್ನ್ ನಕ್ಕ. ಬರೆಯುವ ಮೌನ. ಆಮೇಲೆ ಮೆತ್ತಗೆ, "ಒಳ್ಳೇದಾಯ್ತು ಕಣೋ ಲೋರ್ನ್. ನಿಜವಾಗ್ಲೂ. ಅದು ಒಳ್ಳೇ ಗುಡ್ಡಾನೇ. ಅವತ್ತು ಗುಡ್ಡದ್ದೇನೂ ತಪ್ಪಿಲ್ಲ, ನಾನು ನೋಡೋದನ್ನ ನೋಡ್ಲಿಲ್ಲ ಅಷ್ಟೆ. ಹೂಂ. ಏಪ್ರನ್, ತೆರೆದಿದೆ. ಮುಂದೆ?"

ಲೋರ್ನ್ ಮುಂದಿನ ಹೆಸರು ಓದದೆ ಪಟ್ಟಿಯನ್ನು ಮೇಜಿನಾಚೆ ತಳ್ಳಿದ. ಟ್ಯಾಮ್ಸಿನ್ ಉಳಿದ ಪಟ್ಟಿ ತಾನೇ ಓದಿದಳು.

ಮಾಡಿದ್ದು ದೊಡ್ಡದೋ ಹೇಳದೆ ಉಳಿದದ್ದು ದೊಡ್ಡದೋ ಎಂದು ಅವನು ನಾಲ್ಕು ವರ್ಷ ತೂಗಿ ನೋಡಿ, ಎರಡನೆಯದೇ ಎಂಬಲ್ಲಿಗೆ ಬಂದು ನಿಂತಿದ್ದ. ಆಸ್ಪತ್ರೆಯಲ್ಲಿ ಎಚ್ಚರವಾದಾಗ ವರ್ನ್‌ಗೆ ಆ ಇಡೀ ದಿನವೇ ನೆನಪಿರಲಿಲ್ಲ. ಸಕ್ಕರೆ ಇಲ್ಲ, ಪೆನ್ಸಿಲ್ ಇಲ್ಲ, ಏನೂ ಇಲ್ಲ. ಹದಿನೇಳು ನಿಮಿಷ ಹಿಮದಡಿ ಇದ್ದವನ ತಲೆಯಿಂದ ಅಷ್ಟು ಮಾತ್ರ ಅಳಿಸಿಹೋಗಿದ್ದರೆ ಪುಣ್ಯವೇ ಎಂದಿದ್ದರು ಡಾಕ್ಟರು. "ಲೋರ್ನ್, ಬೆಳಗ್ಗೆ ನಾವಿಬ್ರೂ ಕೂತು ನೋಡಿದ್ವಿ ಅಲ್ವಾ?" ಎಂದು ಕೇಳಿದ್ದ ವರ್ನ್, ಮೂಗಿನಲ್ಲಿ ಕೊಳವೆ ಇಟ್ಟುಕೊಂಡೇ. "ಇಬ್ರೂ ಕೂತು ನೋಡಿದ್ವಿ," ಎಂದಿದ್ದ ಲೋರ್ನ್. ಅದು ಸುಳ್ಳಲ್ಲ. ಅಷ್ಟು ಅಚ್ಚುಕಟ್ಟಾದ ನಿಜವನ್ನು ಅವನು ಹುಟ್ಟಿದಾಗಿನಿಂದ ಆಡಿರಲಿಲ್ಲ. ಆರು ತಿಂಗಳಿಗೆ ವರ್ನ್‌ನ ಕಾಲು ಸರಿಹೋಯಿತು, ಬೇಕಿದ್ದರೆ ಗುಡ್ಡಕ್ಕೆ ಮರಳಬಹುದು ಎಂದರು. ಅವನು ಮರಳಲಿಲ್ಲ. ಇಪ್ಪತ್ತಾರು ವರ್ಷ ನೋಡಿ ನೋಡಿ ಕಡೆಗೆ ಅಂಥ ಇಳಿಜಾರಿನ ಎದುರು ನಿಂತು ಸರಿ ಅಂದೆನಲ್ಲ, ಈ ಕಣ್ಣು ನಂಬಿಕೊಂಡು ಇನ್ನೊಬ್ಬರ ಮಕ್ಕಳನ್ನು ಕರೆದುಕೊಂಡು ಹೋಗುವುದು ಹೇಗೆ, ಎಂದು ಎಲ್ಲರೆದುರೂ ಹೇಳಿದ. ಲೋರ್ನ್ ಆ ಎಲ್ಲರಲ್ಲಿ ಒಬ್ಬನಾಗಿ ನಿಂತು ಕೇಳಿಸಿಕೊಂಡ. ಆಗ ಹೇಳಬಹುದಿತ್ತು. ಮಾರನೆಯ ದಿನ ಹೇಳಬಹುದಿತ್ತು. ಪ್ರತಿ ಮಾರನೆಯ ದಿನ ಹೇಳುವುದು ಹಿಂದಿನ ದಿನಕ್ಕಿಂತ ಕಷ್ಟವಾಗುತ್ತ ಹೋಯಿತು. ಯಾಕೆಂದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವುದೂ ಅದಕ್ಕೆ ಸೇರಿಕೊಳ್ಳುತ್ತಿತ್ತು.

ಹತ್ತು ಗಂಟೆಗೆ ಅವರು ಗುಡ್ಡದ ಬೆನ್ನುದಿಣ್ಣೆಯ ಮೇಲಿದ್ದರು. ಲೋರ್ನ್ ಮುಂದೆ ಹೆಜ್ಜೆ ದಾರಿ ಮಾಡುತ್ತ, ಹಿಂದೆ ಆರು ಜನ ಅತಿಥಿಗಳು ಸಾಲಾಗಿ, ಕಡೆಯಲ್ಲಿ ಟ್ಯಾಮ್ಸಿನ್. ಎರಡು ದಿನದ ಹಿಂದಿನ ಬಿರುಗಾಳಿ ಅರವತ್ತು ಸೆಂಟಿಮೀಟರ್ ಹೊಸ ಹಿಮ ಸುರಿದು ಹೋಗಿತ್ತು. ಬಿಸಿಲು ಕಣ್ಣು ಚುಚ್ಚುತ್ತಿತ್ತು. ಹಿಂದಿನಿಂದ ವೆಂಡೆಲ್‌ನ ಉಸಿರು ಕೇಳುತ್ತಿತ್ತು. ರಿಜೈನಾ ಪಟ್ಟಣದ ಕಡೆಯ ನಿವೃತ್ತ ಹಲ್ಲಿನ ಡಾಕ್ಟರು, ಹತ್ತೊಂಬತ್ತು ವರ್ಷದಿಂದ ಫೆಬ್ರವರಿಯ ಇದೇ ವಾರ ಬರುವವನು. "ಲೋರ್ನ್, ನನ್ನ ಮಂಡಿಗೆ ಇನ್ನೊಂದೇ ವರ್ಷ ಆಯಸ್ಸಿದೆ ಅಂತೆ ಕಣಪ್ಪ," ಎಂದು ನಿನ್ನೆ ಊಟದ ಹೊತ್ತಿಗೆ ಹೇಳಿದ್ದ. "ಏಪ್ರನ್ ಇಳಿದು ಸಾಯ್ತೀನಿ." ಎಲ್ಲರೂ ನಕ್ಕಿದ್ದರು. ಡೋರೀನ್ ಒಬ್ಬಳು ನಗದೆ, ಬೆಣ್ಣೆ ಟಾರ್ಟ್ ಎಂಬ ಸಿಹಿಯ ತಟ್ಟೆಯನ್ನು ಅವನ ಮುಂದಿನಿಂದ ಎತ್ತಿಕೊಂಡು ಹೋಗಿದ್ದಳು.

ಏಪ್ರನ್ನಿನ ನೆತ್ತಿಗೆ ನೂರು ಹೆಜ್ಜೆ ಈಚೆ, ಅದೇ ದಿಕ್ಕಿಗೆ ಮುಖ ಮಾಡಿದ ಒಂದು ಚಿಕ್ಕ ಇಳಿಜಾರಿದೆ. ಕುಸಿದರೂ ಯಾರನ್ನೂ ಎಳೆದೊಯ್ಯದಷ್ಟು ಚಿಕ್ಕದು. ಗೈಡುಗಳು ಗುಂಡಿ ತೋಡುವುದು ಅಲ್ಲೇ. ಅತಿಥಿಗಳನ್ನು ದಿಣ್ಣೆಯ ಮೇಲೆ ನಿಲ್ಲಿಸಿ, ದಪ್ಪ ಕೋಟು ಹಾಕಿಕೊಳ್ಳಿ ಎಂದು ಹೇಳಿ, ಇಬ್ಬರೂ ಸಲಿಕೆ ಜೋಡಿಸಿಕೊಂಡು ಇಳಿದರು. ಲೋರ್ನ್ ಹುಡುಕುತ್ತಿದ್ದದ್ದು ಜನವರಿ ಇಪ್ಪತ್ತೆರಡರ ಪದರವನ್ನು. ಹಿಮದೊಳಗಿನ ಕೆಟ್ಟ ಪದರಗಳಿಗೆ ಅವು ಹೂತ ದಿನಾಂಕವೇ ಹೆಸರು. ಆ ವಾರ ಮೋಡವಿಲ್ಲದೆ ಕೊರೆಯುವ ಚಳಿ ಬಿದ್ದು, ಹಿಮದ ಮೈಮೇಲೆಲ್ಲ ಬೆರಳುದ್ದದ ಮಂಜಿನ ಗರಿಗಳು ಬೆಳೆದಿದ್ದವು. ಸ್ಕೀ ತಾಗಿದರೆ ಕಿಣಿಕಿಣಿ ಎನ್ನುತ್ತಿದ್ದವು. ಅತಿಥಿಗಳು ಮಂಡಿಯೂರಿ ಫೋಟೊ ತೆಗೆದುಕೊಂಡಿದ್ದರು. ಇಪ್ಪತ್ತೆರಡರಂದು ಅದರ ಮೇಲೆ ಹಿಮ ಬಿತ್ತು. ಗರಿಗಳು ಕರಗುವುದಿಲ್ಲ, ಹೂತುಕೊಂಡು ಹಾಗೇ ನಿಂತಿರುತ್ತವೆ, ಮೇಲಿನ ಅಷ್ಟೂ ಭಾರವನ್ನು ಆ ಸಣ್ಣ ಕಾಲುಗಳ ಮೇಲೆ ಹೊತ್ತುಕೊಂಡು, ಯಾರಾದರೂ ಬಂದು ತಟ್ಟುವವರೆಗೆ. ಎಲ್ಲ ಕಡೆಯೂ ಅಲ್ಲ. ಗಾಳಿ ಬೀಸಿದಲ್ಲಿ ಮುರಿದುಹೋಗಿರುತ್ತವೆ, ಬಿಸಿಲು ತಾಗಿದಲ್ಲಿ ಸತ್ತಿರುತ್ತವೆ. ಹತ್ತು ಮಾರು ಆಚೆ ಇದ್ದು ಈಚೆ ಇಲ್ಲದಿರಬಹುದು.

ಮೊದಲ ಗುಂಡಿಯಲ್ಲಿ ಗರಿಯ ಸುಳಿವೇ ಇರಲಿಲ್ಲ. ಎದೆಮಟ್ಟ ತೋಡಿ, ಗೋಡೆಯನ್ನು ನುಣ್ಣಗೆ ಸವರಿ, ಬೆರಳಾಡಿಸಿ ನೋಡಿದರು. ಟ್ಯಾಮ್ಸಿನ್ ಗರಗಸದಿಂದ ಒಂದು ಗೇಣಗಲದ ಕಂಬ ಕೊಯ್ದಳು. ಕಂಬದ ತಲೆಯ ಮೇಲೆ ಸಲಿಕೆಯ ಅಲಗು ಮಲಗಿಸಿ ತಟ್ಟಿದಳು. ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಪದರ ಕೆಟ್ಟದಿದ್ದರೆ ಎಲ್ಲೋ ಒಂದು ಏಟಿಗೆ ಕಂಬ ಅಡ್ಡಕ್ಕೆ ಸೀಳಿ, ಮೇಲಿನ ತುಂಡು ಜಾರಿ ಮಡಿಲಿಗೆ ಬರುತ್ತದೆ. ಮೂವತ್ತು ಏಟೂ ಆಯಿತು. ಕಂಬ ಅಲ್ಲಾಡಲಿಲ್ಲ.

"ಚೆನ್ನಾಗಿದೆ," ಎಂದಳು.

"ಇಲ್ಲಿ ಗಾಳಿ ಬೀಸಿದೆ. ಇನ್ನೊಂದು ತೋಡೋಣ, ಆ ಗಿಡದ ಪಕ್ಕ."

ಗಿಡದ ಪಕ್ಕ ತೋಡಿದರು. ಅಲ್ಲಿ ಜನವರಿ ಇಪ್ಪತ್ತೆರಡು ಸಿಕ್ಕಿತು. ಮಂಡಿಯೆತ್ತರದಲ್ಲಿ ಬೂದು ಬಣ್ಣದ ಸಣ್ಣ ಗೆರೆ. ಲೋರ್ನ್ ಭೂತಗನ್ನಡಿ ಇಟ್ಟು ನೋಡಿದ. ಗರಿಗಳು ಒಂದಕ್ಕೊಂದು ಬೆಸೆದು, ದುಂಡಗಾಗಿ, ಸಾಧುವಾಗಿದ್ದವು. ಹತ್ತು, ಹತ್ತು, ಹತ್ತು. ಏನೂ ಆಗಲಿಲ್ಲ. ಅವನಿಗೆ ಸಿಟ್ಟು ಬಂತು. ಹಿಮದ ಮೇಲೆ ಸಿಟ್ಟು ಮಾಡಿಕೊಳ್ಳುವ ಗೈಡನ್ನು ತಾನೇ ಇನ್ನೊಂದು ದಿನವಾಗಿದ್ದರೆ ಮನೆಗೆ ಕಳಿಸುತ್ತಿದ್ದ. ಅವನು ಎದ್ದು ಮೂವತ್ತು ಹೆಜ್ಜೆ ಆಚೆ ಹೋಗಿ, ಹೇಳದೆ ಕೇಳದೆ ಮೂರನೆಯದನ್ನು ತೋಡತೊಡಗಿದ. ದಿಣ್ಣೆಯ ಮೇಲೆ ಅತಿಥಿಗಳು ಕಾಲು ಕುಟ್ಟುತ್ತಿದ್ದರು. ಯಾರೋ "ಚೀನಾ ತನಕ ಹೋಗ್ತಾನೇನೋ" ಎಂದರು, ಯಾರೋ ಮುಸಿಮುಸಿ ನಕ್ಕರು. ಸಲಿಕೆ ಎತ್ತಿ ಹಾಕುವಾಗ ಬೆನ್ನಲ್ಲಿ ಎದ್ದ ನೋವು ಹಳೆಯದು, ಪರಿಚಯದ್ದು. ಆ ದಿನವೂ ಹೀಗೇ, ಹೂತವರನ್ನು ಹುಡುಕುವ ಬೀಕನ್ನಿನ ಕೀರಲು ಸದ್ದು ಕಿವಿಯಲ್ಲಿ, ಚುಚ್ಚಿದ ಕೋಲು ಮೆತ್ತಗಿನ ಏನಕ್ಕೋ ತಾಗಿ ನಿಂತ ಮೇಲೆ, ಹೀಗೇ ತೋಡಿದ್ದ. ಮೊದಲು ಸಿಕ್ಕಿದ್ದು ಕೆಂಪು ಕೈಗವಸು. ಆಮೇಲೆ ಕಿವಿ. ಮುಖದ ಸುತ್ತ ಉಸಿರು ಹೆಪ್ಪುಗಟ್ಟಿ ಗಾಜಿನ ಬಟ್ಟಲಿನಂತಾಗಿತ್ತು. ಅದನ್ನು ಒಡೆದು ಬಾಯೊಳಗೆ ಬೆರಳು ಹಾಕಿ ಹಿಮ ತೆಗೆದಾಗ ವರ್ನ್‌ನ ನಾಲಿಗೆ ತಣ್ಣಗಿತ್ತು. ಆಗ ಲೋರ್ನ್ ಗಟ್ಟಿಯಾಗಿ ಕೂಗಿದ್ದು "ಬದುಕು" ಎಂದಲ್ಲ. "ಹೇಳ್ತೀನಿ ಕಣೋ, ಎಲ್ಲಾರ್ಗೂ ಹೇಳ್ತೀನಿ" ಎಂದು ಕೂಗಿದ್ದ. ಅದನ್ನು ಕೇಳಿಸಿಕೊಂಡ ಅತಿಥಿಗಳು ಭಯಕ್ಕೆ ಏನೋ ಬಡಬಡಿಸುತ್ತಿದ್ದಾನೆ ಎಂದುಕೊಂಡರು. ವರ್ನ್ ಬದುಕಿದ, ಇವನು ಹೇಳಲಿಲ್ಲ.

ಮೂರನೆಯ ಗುಂಡಿ. ಕಂಬ ಇವನೇ ಕೊಯ್ದ, ಇವನೇ ತಟ್ಟಿದ. ಭುಜದ ಹತ್ತು ಏಟುಗಳನ್ನು ಬೇಕೆಂದೇ ಜೋರಾಗಿ ಹಾಕುತ್ತಿದ್ದೇನೆ ಎಂದು ಎಂಟನೆಯದಕ್ಕೆ ತಿಳಿಯಿತು. ಹತ್ತನೆಯದಕ್ಕೆ ಸಲಿಕೆ ಕಂಬದ ತಲೆಯನ್ನು ಜಜ್ಜಿತು, ಕಂಬ ಮಾತ್ರ ಸೀಳಲಿಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಇವನು ಸಾವಿರ ಸಲ ಹೇಳಿದ್ದುಂಟು: ಸರಿ ಎನ್ನಲು ಕಾರಣ ಹುಡುಕಿಕೊಂಡು ಗುಂಡಿ ತೋಡಬೇಡಿ, ತೋಡುತ್ತ ಹೋದರೆ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. ಈಗ ತಾನು ಬೇಡ ಎನ್ನಲು ಕಾರಣ ಹುಡುಕುತ್ತ ತೋಡುತ್ತಿದ್ದ, ಅದೂ ಸಿಗುತ್ತಿರಲಿಲ್ಲ. ಬೇಡ ಎಂಬುದು ಮಾತ್ರ ಒಳಗೆ ಗಟ್ಟಿಯಾಗಿ ಕೂತಿತ್ತು. ಅದು ಹಿಮದಿಂದ ಬಂದದ್ದೋ, ಮೂವತ್ತು ವರ್ಷದ ಕಣ್ಣು ಏನನ್ನಾದರೂ ಕಂಡು ಬಾಯಿಗೆ ತಿಳಿಸದೆ ಇದೆಯೋ, ಅಥವಾ ಬರೀ ಅಪರಾಧಿಯ ಅಳುಕೋ, ಬಿಡಿಸಿ ನೋಡಲು ಅವನಿಗೆ ಸಾಧ್ಯವಾಗಲಿಲ್ಲ. ಅಳುಕಿಗೆ ಬೇಡ ಎಂದರೆ ಅದು ಮೋಸ. ಕಣ್ಣು ಕಂಡದ್ದನ್ನು ಕಡೆಗಣಿಸಿ ಸರಿ ಎನ್ನೋಣವೆಂದರೆ ಮೇಲೆ ಆರು ಜನ ನಿಂತಿದ್ದಾರೆ. ಎದೆಮಟ್ಟದ ಗುಂಡಿಯಲ್ಲಿ ಮೂರು ಕಡೆ ಬಿಳಿ ಗೋಡೆ ಇಟ್ಟುಕೊಂಡು ಅವನು ಸುಮ್ಮನೆ ನಿಂತ. ವರ್ನ್ ಅವತ್ತು ಕಿಟಕಿಯಾಚೆ ನೋಡುತ್ತ ಕೂತದ್ದು ಇಂಥದೇ ಜಾಗದಲ್ಲಿ ಎಂದು ಅವನಿಗೆ ಮೊಟ್ಟಮೊದಲ ಸಲ ಹೊಳೆಯಿತು. ಅಲ್ಲಿಗೆ ಅವನನ್ನು ತಳ್ಳಿದ್ದು ತಾನು.

ಟ್ಯಾಮ್ಸಿನ್ ಗುಂಡಿಯ ಅಂಚಿಗೆ ಬಂದು ಕುಕ್ಕರುಗಾಲಲ್ಲಿ ಕೂತಳು. ಅತಿಥಿಗಳಿಗೆ ಕೇಳಿಸದಂತೆ ತಗ್ಗಿದ ದನಿಯಲ್ಲಿ, "ಲೋರ್ನ್, ಬೇಡ ಅನ್ನೋಕೆ ಗುಂಡಿ ಬೇಕಿಲ್ಲ," ಎಂದಳು.

ಅವನು ತಲೆ ಎತ್ತಲಿಲ್ಲ. "ಬೇಡ," ಎಂದ.

"ಸರಿ." ಅಷ್ಟೇ. ಎದೆಯ ಜೇಬಿನಿಂದ ಪಟ್ಟಿ ತೆಗೆದು, ಬೆಳಗಿನ ಗೀಟಿನ ಮೇಲೆ ಅಡ್ಡಗೀಟು ಎಳೆದು, ಪಕ್ಕದಲ್ಲಿ ಅವನ ಅಕ್ಷರ ಬರೆದು, ಹಿಮ ಕೊಡವಿಕೊಂಡು ಎದ್ದಳು. ಅವಳ ಮುಖದಲ್ಲಿ ಬೇಸರವಿತ್ತು, ಅದನ್ನೇನೂ ಅವಳು ಮುಚ್ಚಿಡಲಿಲ್ಲ. ಆದರೆ ಕೇಳಲಿಲ್ಲ.

ಕೇಳಿದ್ದು ವೆಂಡೆಲ್. ದಿಣ್ಣೆಯ ಮೇಲಿಂದ ಅವನ ದನಿ ಚಳಿಗಾಳಿಯಲ್ಲಿ ಸ್ಪಷ್ಟವಾಗಿ ಬಂತು. "ಮುಚ್ಚಿದ್ರಾ? ಮೂರು ಗುಂಡೀಲೂ ಏನೂ ಇರ್ಲಿಲ್ವಲ್ಲಮ್ಮ! ಯಾಕಂತೆ?"

"ಕೇಳ್ಲಿಲ್ಲ."

"ಕೇಳ್ಬೇಕಲ್ವಾ?"

"ನಮ್ಮಲ್ಲಿ ಕೇಳಲ್ಲ ಡಾಕ್ಟ್ರೇ. ಕೇಳಿದ್ರೆ ಕಾರಣ ಹುಡುಕ್ತಾ ಕೂರ್ತಾರೆ. ಸಿಗ್ಲಿಲ್ಲ ಅಂದ್ರೆ ನಾಚ್ಕೊಂಡು, ಇರ್ಲಿ ಬಿಡು ಹೋಗೋಣ ಅಂತಾರೆ. ಹಾಗೆ ಹೋದೋರನ್ನ ಆಮೇಲೆ ಅಗೆದು ತೆಗೀಬೇಕಾಗತ್ತೆ. ಯಾಕೆ ಅಂತ ಕೇಳೋನು ಗೈಡೇ ಅಲ್ಲ." ಸ್ಕೀ ಕಟ್ಟಿಕೊಳ್ಳಲು ಬಾಗಿದ್ದ ಅವಳು ನಗುತ್ತ ಸೇರಿಸಿದಳು. "ನಂಗೆ ಇದನ್ನ ಹೇಳ್ಕೊಟ್ಟಿದ್ದೇ ಲೋರ್ನ್. ಮೊದಲ್ನೇ ದಿನಾನೇ."

ನಿಜ, ಅವನೇ ಹೇಳಿಕೊಟ್ಟದ್ದು. ನಾಲ್ಕು ವರ್ಷದಿಂದ ಹೊಸಬರೆಲ್ಲರಿಗೂ ಬೇರೆ ಯಾರಿಗಿಂತ ಕಟ್ಟುನಿಟ್ಟಾಗಿ, ಮೇಜು ಗುದ್ದಿ, ಇದೇ ಮಾತುಗಳಲ್ಲಿ ಹೇಳಿಕೊಡುತ್ತಿದ್ದ. 'ಇರ್ಲಿ ಬಿಡು, ಹೋಗೋಣ' ಎಂಬ ವರ್ನ್‌ನ ಬಾಯಿಮಾತನ್ನು ಕೂಡ ಹೆಸರು ತೆಗೆದು ಪಾಠಕ್ಕೆ ಬಳಸಿಕೊಂಡಿದ್ದ. ಅಷ್ಟು ಕೆಳಗಿಳಿದಿದ್ದೇನೆಂದು ಇವತ್ತಿನವರೆಗೆ ತನಗೇ ಗೊತ್ತಿರಲಿಲ್ಲ. ಅವನು ಗುಂಡಿಯಿಂದ ಹತ್ತಿ ಬಂದು, ಯಾರ ಮುಖವನ್ನೂ ನೋಡದೆ, ಕಾಡಿನ ಕಡೆಯ ಸಪ್ಪೆ ದಾರಿಗೆ ಮುಂದಾದ. ಇಳಿಯುವಾಗ ವೆಂಡೆಲ್ ಮರಗಳ ಸಂದಿಯಲ್ಲಿ ಒಮ್ಮೆ ಬಿದ್ದ. ಎಬ್ಬಿಸಲು ಲೋರ್ನ್ ಕೈ ಚಾಚಿದರೆ, ಆ ಕೈ ಬಿಟ್ಟು ಪಕ್ಕದ ರೆಂಬೆ ಹಿಡಿದುಕೊಂಡು ಎದ್ದ.

ಮಧ್ಯಾಹ್ನವಿಡೀ ಏಪ್ರನ್ ಕಿಟಕಿಯ ತುಂಬ ಹೊಳೆಯುತ್ತಿತ್ತು. ಅದು ಕುಸಿಯಲಿಲ್ಲ. ಲೋರ್ನ್ ಸ್ಕೀಗಳಿಗೆ ಮೇಣ ತಿಕ್ಕುವ ನೆಪದಲ್ಲಿ ಕಿಟಕಿಯ ಬಳಿಯೇ ಕೂತು, ಬೀಳು ಬೀಳು ಎಂದು ಮನಸ್ಸಿನಲ್ಲೇ ಅದನ್ನು ಬೇಡುತ್ತಿದ್ದ. ಒಂದು ಬಿರುಕಾದರೂ ಸಾಕಿತ್ತು. ಅಷ್ಟಾದರೆ ತನ್ನ ಬೇಡಕ್ಕೆ ಒಂದು ಮರ್ಯಾದೆ ಬರುತ್ತಿತ್ತು. ಎರಡಾಯಿತು, ಮೂರಾಯಿತು, ಬಿಸಿಲು ಎಡದಿಂದ ಬಲಕ್ಕೆ ಸರಿಯಿತು, ಇಸ್ತ್ರಿ ಮಾಡಿದಂತೆ ಅದು ಹಾಗೇ ಇತ್ತು. ಬೀಳದಿದ್ದರೆ ಗಟ್ಟಿಯಿತ್ತು ಎಂದಲ್ಲ, ಯಾರೂ ತಟ್ಟಲಿಲ್ಲ ಎಂದಷ್ಟೇ ಅರ್ಥ, ಇದೂ ಅವನ ಪಾಠವೇ. ಪಾಠಗಳೆಲ್ಲ ಅವನ ಹತ್ತಿರ ಇದ್ದವು. ಒಲೆಯ ಸುತ್ತ ಕೂತ ಅತಿಥಿಗಳು ಇವನು ಹತ್ತಿರ ಬಂದಾಗ ಮಾತು ಬದಲಿಸುತ್ತಿದ್ದರು. ಶನಿವಾರ ಹೆಲಿಕಾಪ್ಟರ್ ಬರುವವರೆಗೆ ಇನ್ನೂ ಮೂರು ದಿನ ಇವರೊಡನೆ ಇದೇ ಒಲೆ, ಇದೇ ಮೇಜು, ಇದೇ ಕಿಟಕಿ. ಹೊರಗೆ ಹೋಗಿ ಒಬ್ಬನೇ ನಿಲ್ಲೋಣವೆಂದರೆ ಹೊರಗೂ ಅದೇ ಏಪ್ರನ್.

"ಊಟ ಮಾಡ್ಲಿಲ್ಲ ನೀನು," ಎಂದಳು ಡೋರೀನ್, ಬೀನ್ಸ್ ಸೂಪಿನ ಬಟ್ಟಲನ್ನು ಅವನ ಪಕ್ಕ ಇಟ್ಟು. "ನೀನು ಮುಚ್ಚಿದ್ದು ತಪ್ಪು ಅಂತ ಯಾರೂ ಅಂತಿಲ್ಲ."

"ಎಲ್ಲಾರೂ ಅಂತಿದಾರೆ."

"ಅಂದ್ಕೊಳ್ಳಲಿ. ಅನ್ನೋಕೆ ಎಲ್ಲಾರೂ ಇದಾರಲ್ಲ. ಅದನ್ನ ನೋಡು."

ಐದು ಗಂಟೆಗೆ ರೇಡಿಯೊ ಗರಗರ ಎಂದಾಗ ಕೋಣೆಯಲ್ಲಿ ಎಲ್ಲರೂ ಇದ್ದರು. ಸರದಿಯಲ್ಲಿ ಇವರು ಮೂರನೆಯವರು. ಮೊದಲ ಎರಡು ಲಾಡ್ಜುಗಳು ತಮ್ಮದನ್ನು ಹೇಳಿದವು: ಎಲ್ಲರೂ ಒಳಗಿದ್ದಾರೆ, ಇಂತಿಂಥಲ್ಲಿ ಇಳಿದೆವು, ಇಂತಿಂಥದು ಕಂಡೆವು. ವರ್ನ್ ತಡೆದು ತಡೆದು ಬರೆದುಕೊಂಡು, ತಿರುಗಿ ಓದಿ, ಸರಿಯಾಗಿದ್ಯಾ ಎಂದು ಕೇಳಿ ಮುಂದೆ ಹೋದ. ಲೋರ್ನ್ ಗುಂಡಿ ಒತ್ತಿದ.

"ಹೋದ ಎಂಟೂ ಜನ ಒಳಗಿದೀವಿ. ಏಪ್ರನ್ ಮುಚ್ಚಿದ್ವಿ. ಹನ್ನೊಂದೂವರೆಗೆ. ಮುಚ್ಚಿದ್ದು ನಾನು."

ಗುಂಡಿ ಬಿಟ್ಟ. ಬರೆಯುವ ಮೌನ. "ಓದ್ತೀನಿ. ಎಂಟೂ ಜನ ಒಳಗೆ. ಏಪ್ರನ್ ಮುಚ್ಚಿದೆ, ಲೋರ್ನ್." ಆಮೇಲೆ ತಮಾಷೆಯ ದನಿಯಲ್ಲಿ, "ಇರ್ಲಿ ಕಣೋ, ಬೇಜಾರು ಮಾಡ್ಕೋಬೇಡ. ನಿನ್ನಷ್ಟು ಬುದ್ಧಿ ಅವತ್ತು ನನಗಿದ್ದಿದ್ರೆ ನಾನೂ ಬೇಡ ಅಂತಿದ್ದೆ. ಸರಿಯಾಗಿದ್ಯಾ?"

ಸರಿಯಾಗಿದೆ ಎನ್ನಬೇಕು. ಅಷ್ಟೇ ಅದರ ಕ್ರಮ. ಲೋರ್ನ್ ಹೆಬ್ಬೆರಳನ್ನು ಗುಂಡಿಯ ಮೇಲೆ ಇಟ್ಟ, ಒತ್ತಿದ. ಹಿಂದೆ ಒಲೆಯ ಬಳಿಯ ಮಾತು ನಿಂತದ್ದು ಕೇಳಿಸಿತು. ಮೂರು ಲಾಡ್ಜುಗಳ ಗೈಡುಗಳು, ಅಡುಗೆಯವರು, ಅತಿಥಿಗಳು ಕೇಳುತ್ತಿದ್ದಾರೆ. ಶನಿವಾರ ಪೇಟೆಗೆ ಇಳಿದು ಬಾಗಿಲು ಹಾಕಿಕೊಂಡು ಅವನೊಬ್ಬನಿಗೇ ಹೇಳಬಹುದು. ಅದೇ ಸರಿಯಾದ ರೀತಿ. ಅಂಥ ಎಷ್ಟು ಶನಿವಾರಗಳು ಬಂದು ಹೋದವು.

"ವರ್ನ್, ನೀನು ಅಂದಿದ್ದೆ," ಎಂದ. "ಬೇಡ ಅಂದಿದ್ದೆ. ಫೆಬ್ರವರಿ ಹದಿಮೂರು. ಅಡ್ಡಗೀಟು ಹಾಕಿ ನಿನ್ನ ಅಕ್ಷರ ಬರೆದಿದ್ದೆ. ನಾನು ಯಾಕೆ ಅಂತ ಕೇಳ್ದೆ. ಎದ್ರಿಗೆ ಕೂತು, ಯಾಕೆ ಅಂತ. ನೀನು ಸಂಕೋಚ ಪಟ್ಕೊಂಡು ಇರ್ಲಿ ಬಿಡು ಅಂದೆ. ಉಜ್ಜಿದ್ದು ನಾನು. ನಿನ್ನ ಕಣ್ಣಿಗೆ ಏನೂ ಆಗಿರ್ಲಿಲ್ಲ ಕಣೋ. ನಿನಗೆ ನೆನಪಿಲ್ಲ ಅಂತ ಗೊತ್ತಾದ್ಮೇಲೆ ನಾನು ಸುಮ್ನಿದ್ದೆ."

ಹೇಳುವುದು ಮುಗಿದಿತ್ತು. ಆದರೂ ಅವನು ಗುಂಡಿ ಬಿಡಲಿಲ್ಲ. ಹಿಡಿದಿರುವಷ್ಟು ಹೊತ್ತು ಆಚೆಯಿಂದ ಏನೂ ಬರಲಾರದು. ಹೆಬ್ಬೆರಳ ಉಗುರು ಬಿಳಿಚಿಕೊಂಡಿತು. ಟ್ಯಾಮ್ಸಿನ್ ಎದ್ದು ಬಂದು ಪಕ್ಕದಲ್ಲಿ ನಿಂತಳು. ಕಡೆಗೆ ಅವನೇ ಬಿಟ್ಟ.

ಸುಯ್ಯೆನ್ನುವ ಸದ್ದು. ವರ್ನ್ ಬರೆಯುತ್ತಿದ್ದಾನೋ, ಎದ್ದು ಹೋಗಿದ್ದಾನೋ, ತಿಳಿಯುವ ಬಗೆ ಇರಲಿಲ್ಲ. ಬೇರೆ ಯಾವ ಲಾಡ್ಜೂ ಬಾಯಿ ಹಾಕಲಿಲ್ಲ. ಆಮೇಲೆ ದನಿ ಬಂತು, ಪಟ್ಟಿ ಓದುವಾಗಿನ ಅದೇ ದನಿ.

"ಓದ್ತೀನಿ. ಫೆಬ್ರವರಿ ಹದಿಮೂರು. ಏಪ್ರನ್. ವರ್ನ್ ಬೇಡ ಅಂದ. ಲೋರ್ನ್ ಯಾಕೆ ಅಂತ ಕೇಳ್ದ." ಪೆನ್ಸಿಲ್ ಕೆಳಗಿಟ್ಟ ಸದ್ದು. "ಸರಿಯಾಗಿದ್ಯಾ?"

"ಸರಿಯಾಗಿದೆ."

"ನಾನೇನಂದೆ? ನೀನು ಕೇಳ್ದಾಗ."

"ಗೊತ್ತಿಲ್ಲ ಅಂದೆ."

"ಗೊತ್ತಿತ್ತಲ್ಲೋ," ಎಂದ ವರ್ನ್. ಅದು ಲೋರ್ನ್‌ಗೆ ಹೇಳಿದ್ದಲ್ಲ. ತನಗೇ ಹೇಳಿಕೊಂಡದ್ದು, ಮಧ್ಯದಲ್ಲಿ ದನಿ ಒಡೆದಿತ್ತು. "ನಂಗೆ ಗೊತ್ತಿತ್ತು." ಕುರ್ಚಿ ಕಿರುಗುಟ್ಟಿತು. ಕಾಗದ ಮಗುಚಿದ ಸದ್ದು ಬಂತು. "ನಾಲ್ಕನೇ ಲಾಡ್ಜು, ನಿಮ್ದು ಹೇಳಿ."

ಲೋರ್ನ್‌ನ ಹೆಬ್ಬೆರಳು ಮತ್ತೆ ಗುಂಡಿಗೆ ಹೋಯಿತು. ಆದರೆ ಸರದಿ ಮುಗಿದಿತ್ತು, ಈಗ ಒತ್ತಿದರೆ ಇನ್ನೊಬ್ಬರ ಮಾತು ಕಡಿದುಹೋಗುತ್ತದೆ. ನಾಲ್ಕನೆಯ ಲಾಡ್ಜಿನ ಗೈಡು ಗಂಟಲು ಸರಿಮಾಡಿಕೊಂಡು, ಹತ್ತು ಜನ, ಎಲ್ಲರೂ ಒಳಗಿದ್ದೇವೆ ಎಂದ. ವರ್ನ್ ಬರೆದುಕೊಳ್ಳತೊಡಗಿದ. ಅವನು ಬರೆದು ಮುಗಿಸುವವರೆಗೆ ಎಲ್ಲರೂ ಕಾದರು, ಲೋರ್ನ್ ಕೂಡ.